ಬೀಳುವ ಗೋಡೆ, ತೆರೆದ ಕಿಟಕಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

"ಚಾಪ್ಲಿನ್ ಎಲ್ಲಾ ನೋಡಿ ಮುಗಿಸಿದೆ, ಈಗ ನಿನ್ನ ಬಸ್ಟರ್ ಕೀಟನ್ ಎಲ್ಲಿಂದ ಶುರು ಮಾಡ್ಲಿ?" ಅಂತ ಮೊನ್ನೆ ಕೇಳಿದೆಯಲ್ಲ. ಚಾಪ್ಲಿನ್ ಥರಾನೇ ಮೂಕಿ ಚಿತ್ರಗಳ ಕಾಲದ ಹಾಸ್ಯನಟ, ನಿರ್ದೇಶಕ ಈ ಕೀಟನ್. ಫೋನಿನಲ್ಲಿ ಹೇಳಲು ಹೊರಟರೆ ನಾನು ನಿಲ್ಲಿಸುವ ಪೈಕಿ ಅಲ್ಲ, ನಿನಗೂ ಗೊತ್ತು. ಅದಕ್ಕೇ ಈ ಪತ್ರ.

ಎಲ್ಲರೂ 'ದಿ ಜನರಲ್' ನೋಡು ಅಂತಾರೆ. ಮೊದಲಿಗೆ ಅದು ಬೇಡ. 1920ರ 'ಒನ್ ವೀಕ್' ನೋಡು. ಎರಡು ರೀಲಿನ ಸಣ್ಣ ಚಿತ್ರ, ಅರ್ಧ ಗಂಟೆಯೂ ಆಗುವುದಿಲ್ಲ. ಹೊಸದಾಗಿ ಮದುವೆಯಾದ ಜೋಡಿಗೆ ಉಡುಗೊರೆಯಾಗಿ ಒಂದು ಮನೆ ಬರುತ್ತದೆ, ಬಿಡಿಬಿಡಿಯಾಗಿ, ಪೆಟ್ಟಿಗೆಗಳಲ್ಲಿ. ನಂಬರ್ ನೋಡಿಕೊಂಡು ಜೋಡಿಸಬೇಕು. ಆ ಹುಡುಗಿ ತಿರಸ್ಕರಿಸಿದ್ದ ಹುಡುಗನೊಬ್ಬ ಬಂದು ನಂಬರ್ ತಿದ್ದಿ ಹೋಗುತ್ತಾನೆ. ಆಮೇಲೆ ಏಳುವ ಮನೆ ಹೇಗಿರುತ್ತೆ ಅಂತ ನೀನೇ ನೋಡಬೇಕು. ಗಾಳಿ ಬಂದರೆ ಬುಗುರಿ ಥರ ತಿರುಗುತ್ತದೆ. ಕೊನೆಗೆ ಅದು ಹೋಗಿ ರೈಲು ಹಳಿ ಮೇಲೆ ನಿಲ್ಲುತ್ತದೆ. ರೈಲು ಬರುತ್ತದೆ. ಇಷ್ಟು ಸಾಕು.

ನಾನು ಮೊದಲ ಸಲ ನೋಡಿದಾಗ ಸ್ವಲ್ಪ ಸಿಟ್ಟೇ ಬಂದಿತ್ತು. ಈ ಮನುಷ್ಯ ಯಾಕೆ ಒಮ್ಮೆಯೂ ನಗುವುದಿಲ್ಲ? ಆಮೇಲೆ ಗೊತ್ತಾಯಿತು, ಅದು ಹುಡುಗಾಟದ ವಯಸ್ಸಿನಲ್ಲೇ ಕಲಿತ ಪಾಠ. 1895ರಲ್ಲಿ ಹುಟ್ಟಿದವನು, ಅಪ್ಪ ಅಮ್ಮ ಇಬ್ಬರೂ ರಂಗದ ಮೇಲೆ ಆಟ ತೋರಿಸುವವರು. ಅಪ್ಪ ಈ ಪುಟ್ಟ ಹುಡುಗನನ್ನು ವೇದಿಕೆ ತುಂಬಾ ಎತ್ತಿ ಎತ್ತಿ ಎಸೆಯುತ್ತಿದ್ದ. ಹಿಡಿಯಲು ಸುಲಭ ಆಗಲಿ ಅಂತ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು! ಬಿದ್ದ ಹುಡುಗ ನಕ್ಕರೆ ಜನ ನಗುತ್ತಿರಲಿಲ್ಲ. ಅವನು ಮುಖ ಬಿಗಿದುಕೊಂಡು ಎದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಮುಖವನ್ನೇ ಕೊನೆತನಕ ಇಟ್ಟುಕೊಂಡ.

ಆದರೆ ನನಗೆ ಮುಖಕ್ಕಿಂತ ಇಷ್ಟವಾಗುವುದು ಅವನ ಕ್ಯಾಮೆರಾ. 1917ರಲ್ಲಿ ಮೊದಲ ಸಲ ಸ್ಟುಡಿಯೋಗೆ ಹೋದಾಗ ಕ್ಯಾಮೆರಾ ಬಿಚ್ಚಿ, ಒಳಗೇನಿದೆ ಅಂತ ನೋಡಿ, ಮತ್ತೆ ಜೋಡಿಸಿದವನು ಅವನು. ಕ್ಯಾಮೆರಾವನ್ನು ದೂರ ಇಡುತ್ತಾನೆ. ತಲೆಯಿಂದ ಕಾಲಿನತನಕ ಅವನೂ ಕಾಣಬೇಕು, ಮೈಮೇಲೆ ಬೀಳಲಿರುವುದೂ ಅದೇ ಶಾಟ್‌ನಲ್ಲಿ ಕಾಣಬೇಕು. ಕಟ್ ಮಾಡಿ ಯಾಮಾರಿಸುವ ಮಾತೇ ಇಲ್ಲ.

1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ ಬಿರುಗಾಳಿ ಬೀಸುತ್ತದೆ. ಇವನು ಒಂದು ಮನೆಯ ಮುಂದೆ ಸುಮ್ನೆ ನಿಂತಿದ್ದಾನೆ. ಹಿಂದೆ ಇಡೀ ಮುಂಗೋಡೆ ಮನೆಯಿಂದ ಬಿಟ್ಟುಕೊಂಡು ಇವನ ಮೇಲೇ ಮಗುಚುತ್ತದೆ. ಮೇಲ್ಗಡೆ ಒಂದು ಕಿಟಕಿ ತೆರೆದಿದೆ. ಅದು ಸರಿಯಾಗಿ ಇವನು ನಿಂತಲ್ಲೇ ಬಂದು ಕೂರುತ್ತದೆ. ಧೂಳು ಏಳುತ್ತದೆ, ಇವನು ಕಿಟಕಿಯೊಳಗೆ ಹಾಗೇ ನಿಂತಿದ್ದಾನೆ. ನಾನು ಐದಾರು ಸಲ ಹಿಂದೆ ಓಡಿಸಿ, ನಿಲ್ಲಿಸಿ ನಿಲ್ಲಿಸಿ ಮೋಸ ಹುಡುಕಿದೆ. ಸಿಗಲಿಲ್ಲ. ಆ ಗೋಡೆ ನಿಜವಾಗಿಯೂ ಭಾರದ್ದು. ಮೈಗೂ ಕಿಟಕಿ ಚೌಕಟ್ಟಿಗೂ ನಡುವೆ ಕೆಲವೇ ಇಂಚು. ಒಂದು ಹೆಜ್ಜೆ ಆಚೀಚೆ ಆಗಿದ್ದರೆ ಮುಗೀತು. ಇದನ್ನು ಫೋನಿನಲ್ಲಿ ನೋಡಬೇಡ ಮಾರಾಯ. ಅವನು ದೊಡ್ಡ ಚೌಕಟ್ಟಿನೊಳಗೆ ಇರುವೆ ಥರ ನಿಂತಿರುತ್ತಾನೆ, ಸಣ್ಣ ಪರದೆಯಲ್ಲಿ ಅರ್ಧ ತಮಾಷೆ ಹೋಗುತ್ತದೆ.

ಇನ್ನೊಂದು, ನನಗೆ ಎಲ್ಲಕ್ಕಿಂತ ಹತ್ತಿರದ್ದು, 'ಷರ್ಲಾಕ್ ಜೂನಿಯರ್', 1924. ಮುಕ್ಕಾಲು ಗಂಟೆ ಅಷ್ಟೇ. ಥಿಯೇಟರಿನಲ್ಲಿ ಸಿನಿಮಾ ಓಡಿಸುವ ಹುಡುಗ ನಿದ್ದೆ ಹೋಗುತ್ತಾನೆ, ಕನಸಿನಲ್ಲಿ ನಡೆದು ಬಂದು ಪರದೆಯೊಳಗೇ ಹತ್ತಿಬಿಡುತ್ತಾನೆ. ಒಳಗೆ ಸೀನ್ ಬದಲಾಗುತ್ತಾ ಹೋಗುತ್ತದೆ, ಇವನು ಮಾತ್ರ ಅಲ್ಲೇ. ಬೆಂಚಿನ ಮೇಲೆ ಕೂರಲು ಹೋದರೆ ಅದು ರಸ್ತೆ. ಸಮುದ್ರದ ಬಂಡೆಯಿಂದ ನೀರಿಗೆ ಹಾರಿದರೆ ಬೀಳುವುದು ಹಿಮದಲ್ಲಿ, ತಲೆ ಕೆಳಗಾಗಿ. ಕಂಪ್ಯೂಟರ್ ಇಲ್ಲದ ಕಾಲ. ಕ್ಯಾಮೆರಾದಿಂದ ಅವನಿಗಿರುವ ದೂರವನ್ನು ಪ್ರತಿ ಸಲ ಅಳೆದು ಅಳೆದು ತೆಗೆದದ್ದು. ಇದರಲ್ಲೇ ರೈಲಿಗೆ ನೀರು ತುಂಬುವ ದೊಡ್ಡ ಕೊಳವೆಯಿಂದ ನೀರು ಧುಮುಕಿ ಇವನು ಹಳಿ ಮೇಲೆ ಬೀಳುತ್ತಾನೆ. ಕತ್ತಿನ ಮೂಳೆ ಮುರಿದಿತ್ತು, ಅವನಿಗೇ ಗೊತ್ತಿರಲಿಲ್ಲ. ವರ್ಷಗಳಾದ ಮೇಲೆ ಎಕ್ಸ್‌ರೇ ತೆಗೆದ ಡಾಕ್ಟರು ಹೇಳಿದರಂತೆ. ಚಿತ್ರದಲ್ಲಿ ನೋಡು, ಬಿದ್ದವನು ಎದ್ದು ಓಡಿ ಹೋಗುತ್ತಾನೆ.

'ಸೆವೆನ್ ಚಾನ್ಸಸ್' ಕೊನೆಯ ಓಟಕ್ಕಾಗಿ ನೋಡು. ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿದಾಗ, ಓಡುವಾಗ ಅಕಸ್ಮಾತ್ ಉರುಳಿದ ಒಂದೆರಡು ಕಲ್ಲಿಗೆ ಜನ ಜೋರಾಗಿ ನಕ್ಕರು. ಇವನು ವಾಪಸ್ ಹೋಗಿ ನೂರಾರು ನಕಲಿ ಬಂಡೆ ಮಾಡಿಸಿ ಗುಡ್ಡದಿಂದ ಉರುಳಿಸಿದ! ಆದರೆ ಇದರಲ್ಲಿ ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದುಕೊಂಡು ಆಡಿದ ಕಪ್ಪು ಜನಾಂಗದವನ ಪಾತ್ರವೂ ಇದೆ. ನೋಡುವಾಗ ಇರುಸುಮುರುಸಾಗುತ್ತದೆ.

ಈಗ 'ದಿ ಜನರಲ್'. 1926ರದ್ದು, ಅಮೆರಿಕದ ಅಂತರ್ಯುದ್ಧದ ರೈಲು ಡ್ರೈವರ್ ಕಥೆ. ಹುಡುಗಿ ಮುಖ ತಿರುಗಿಸಿಕೊಂಡು ಹೋದಳು ಅಂತ ಬೇಜಾರಿನಲ್ಲಿ ಇವನು ಇಂಜಿನ್ ಚಕ್ರಗಳನ್ನು ಜೋಡಿಸುವ ಕಬ್ಬಿಣದ ಸರಳಿನ ಮೇಲೆ ಕೂರುತ್ತಾನೆ. ಇಂಜಿನ್ ಹೊರಡುತ್ತದೆ. ಸರಳಿನ ಜೊತೆ ಇವನೂ ಮೇಲೆ ಕೆಳಗೆ, ಮೇಲೆ ಕೆಳಗೆ. ದುಃಖದಲ್ಲಿ ಗಮನವೇ ಇಲ್ಲ. ಚಕ್ರ ಒಂದು ಸಲ ಜಾರಿ ಗಿರ್ರನೆ ತಿರುಗಿದ್ದರೆ ಪ್ರಾಣ ಹೋಗುತ್ತಿತ್ತು. ಉರಿಯುವ ಸೇತುವೆ ಕುಸಿದು ನದಿಗೆ ಬೀಳುವುದೂ ನಿಜವಾದ ಇಂಜಿನ್ನೇ, ಒಂದೇ ಟೇಕ್. ಇಷ್ಟೆಲ್ಲಾ ಮಾಡಿದರೂ ಚಿತ್ರ ಆಗ ಓಡಲಿಲ್ಲ. ಕೊನೆಯ ಯುದ್ಧದ ಭಾಗ ನನಗೂ ಸ್ವಲ್ಪ ಎಳೆದ ಹಾಗೆ ಅನಿಸುತ್ತೆ, ಅದಿರಲಿ. 1928ರಲ್ಲಿ ಎಂಜಿಎಂ ಅನ್ನುವ ಹಾಲಿವುಡ್‌ನ ದೊಡ್ಡ ಸಿನಿಮಾ ಕಂಪನಿಗೆ ಸೇರಿದ. ಅದೇ ತನ್ನ ಬದುಕಿನ ದೊಡ್ಡ ತಪ್ಪು ಅಂತ ಆಮೇಲೆ ಅವನೇ ಹೇಳಿಕೊಂಡ. ಅಲ್ಲಿನ ಮಾತಿನ ಚಿತ್ರಗಳನ್ನು ನಾನು ಒಂದೆರಡು ನೋಡಿ ಬಿಟ್ಟೆ. ಕರುಳು ಚುರ್ ಅನ್ನುತ್ತೆ.

ಚಾಪ್ಲಿನ್ ಪಕ್ಷದ ನಿನಗೊಂದು ಲಂಚ: 1952ರ 'ಲೈಮ್‌ಲೈಟ್' ಇನ್ನೊಮ್ಮೆ ನೋಡು. ಕೊನೆಯಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ. ಚಾಪ್ಲಿನ್ ಕೈಯಲ್ಲಿ ಪಿಟೀಲು, ಇವನು ಪಿಯಾನೋ ಮುಂದೆ, ಸ್ವರದ ಹಾಳೆಗಳು ಒಂದೊಂದಾಗಿ ಜಾರಿ ಬೀಳುತ್ತಿವೆ. ಅಲ್ಲಿ ನಿನ್ನ ಕಣ್ಣು ಯಾರ ಮೇಲಿತ್ತು ಅಂತ ನಿಜ ಹೇಳಬೇಕು.

ಆದರೆ ಅದಕ್ಕೂ ಮುಂಚೆ 'ಒನ್ ವೀಕ್'. ರೈಲು ಬಂದ ಮೇಲೆ ಫೋನ್ ಮಾಡು.

ಇಂತಿ ನಿನ್ನ
ಗೆಳೆಯ