ಮಗಳಿಗೊಂದು ಪತ್ರ: ಶಕುಂತಲೆಯ ಎಲೆ

ಸಾಗರ,
ಆಷಾಢ

ಪುಟ್ಟೀ,

ರಜೆಗೆ ಬಂದಾಗ ಕಾಳಿದಾಸನ ಶಕುಂತಲೆಯನ್ನು ಅಂಗೈಯಗಲದ ಕಾಗದದಲ್ಲಿ ಬಿಡಿಸುತ್ತೇನೆ ಅಂದೆಯಲ್ಲ, ಮೂರನೇ ಅಂಕದಲ್ಲಿ ಪತ್ರ ಬರೆಯುವ ಸನ್ನಿವೇಶವನ್ನೇ ಹಿಡಿ. ಕೈಗೆ ಲೇಖನಿ ಕೊಟ್ಟೀಯ ಮತ್ತೆ! ತಾವರೆ ಎಲೆಯ ಮೇಲೆ ಅವಳು ಬರೆಯುವುದು ಉಗುರಿನಲ್ಲಿ. ಉಂಗುರವೂ ಬೇಡ, ದುಷ್ಯಂತ ಅದನ್ನು ಕೊಡುವುದು ಆಮೇಲೆ. ಚಿನ್ನದ ಬಳೆಯ ಜಾಗದಲ್ಲಿ ತಾವರೆ ದಂಟಿನದೊಂದೇ ಬಳೆ, ಅದೂ ಸಡಿಲ. ಎಲೆ ಇಡಿಯಾಗಿ ದುಂಡಗಿರಲಿ, ನರಗಳು ನಡುವಿನಿಂದ ಸುತ್ತ ಹರಡಲಿ. ಅಂಚಿನಿಂದ ಒಳಕ್ಕೆ ಸೀಳಿದ್ದರೆ ಅದು ನೈದಿಲೆ.

ಕಾಗದ ಹತ್ತಿಯದು, ದಪ್ಪನೆಯದು, 300 ಜಿಎಸ್‌ಎಂ, 4×5 ಇಂಚು. ಬಣ್ಣ ಹಿಡಿಸಲು 10 ಗ್ರಾಂ ಗಮ್ ಅರೇಬಿಕ್ ಗೋಂದನ್ನು 20 ಮಿ.ಲೀ. ಬೆಚ್ಚನೆ ನೀರಲ್ಲಿ ರಾತ್ರಿ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸು. ಒಂದು ಹನಿ ಲವಂಗದೆಣ್ಣೆ ಬಿಟ್ಟರೆ ಈ ಥಂಡಿಯಲ್ಲೂ ಬೇಗ ಬೂಸಲು ಬರುವುದಿಲ್ಲ. ಬಣ್ಣದ ಪುಡಿಗೆ ಬೆರೆಸಿ ಚೂರು ಕಾಗದಕ್ಕೆ ಬಳಿದು ನೋಡು. ಒಣಗಿದ ಮೇಲೆ ಬೆರಳಿಗೆ ಅಂಟಿದರೆ ಗೋಂದು ಕಡಿಮೆ, ಮಡಚಿದಾಗ ಬಿರಿದರೆ ಹೆಚ್ಚು.

ಅವಳು ಉಟ್ಟ ನಾರುಮಡಿಯ ಬಣ್ಣಕ್ಕೆ ನಮ್ಮ ಜಂಬಿಟ್ಟಿಗೆ ಮಣ್ಣೇ ಚೆನ್ನ. ನೀರಲ್ಲಿ ಕದಡಿ, ಒಂದು ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸು. ಮಾರನೇ ದಿನ ತಳದಲ್ಲಿ ನಿಂತ ನುಣುಪು ಮಣ್ಣೇ ನಿನ್ನ ಬಣ್ಣ. ಹಸೆ ಚಿತ್ತಾರದ ಪುಂಡಿ ನಾರಿನ ಕುಂಚ ಗೋಡೆಗೆ ಸೈ, ಒಂದು ಸೆಂಟಿಮೀಟರಿನ ಮುಖಕ್ಕೆ ಒರಟು.

ಇನ್ನು ಎಲೆ. ಎರಡು ಸೆಂಟಿಮೀಟರಿಗಿಂತ ಚಿಕ್ಕದಾದರೆ ಗೆರೆ ಕೂರುವುದಿಲ್ಲ. ಮೊದಲು ತಿಳಿಹಸಿರು, ಗೋಂದು ತುಸು ಮುಂದಾಗಿ. ಪೂರ್ತಿ ಒಣಗಿದ ಮೇಲೆ ಗಾಢ ಹಸಿರನ್ನು ಒಂದೇ ಬೀಸಿಗೆ ಎಳೆ. ಮತ್ತೆ ಮತ್ತೆ ತಿಕ್ಕಿದರೆ ಅಡಿಯದು ಕರಗಿ ಎರಡೂ ರಾಡಿಯಾಗುತ್ತವೆ. ಹೊಳಪು ಹೋಗಿ, ಮುಟ್ಟಿದರೆ ಇನ್ನೂ ತಣ್ಣಗಿರುವಾಗ ಮೊಂಡು ಸೂಜಿಯಲ್ಲಿ ಗೀರು. ಒಳಗಿನ ತಿಳಿಹಸಿರು ಇಣುಕುತ್ತದೆ, ಥೇಟ್ ಉಗುರ ಗುರುತು. ಒದ್ದೆಯಿದ್ದರೆ ಗೀರು ಮುಚ್ಚಿಕೊಳ್ಳುತ್ತದೆ, ಪೂರಾ ಒಣಗಿದ್ದರೆ ಹೆಕ್ಕಳ ಏಳುತ್ತದೆ. ಬೇಸಿಗೆಯಲ್ಲಿ ಈ ಹದ ಕ್ಷಣದಲ್ಲಿ ತಪ್ಪಿಹೋಗುತ್ತದೆ. ಮಳೆಗಾಲ ಸಾವಕಾಶ ಕೊಡುತ್ತದೆ. ನಾಲ್ಕು ಸಾಲು ಸಾಕು, ಅಕ್ಷರ ಬೇಡ. ಅವಳ ಪದ್ಯ ಪ್ರಾಕೃತದ್ದು, ಕನ್ನಡದಲ್ಲಿ ಬರೆದು ನಗೆಪಾಟಲಾಗಬೇಡ.

ಬಚ್ಚಲೊಲೆಯ ಹತ್ತಿರ ಒಣಗಿಸಬೇಡ, ಕಾಗದ ಸೊಟ್ಟಗಾಗುತ್ತದೆ. ಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ಎರಡು ಮಿಲಿಮೀಟರ್ ಬಿಡಿಸು. ತೇವಕ್ಕೆ ಗೋಂದು ಮೆತ್ತಗಾಗಿ ಗಾಜಿಗೇ ಕಚ್ಚಿಕೊಂಡೀತು.

ಬರುವಾಗ ಮೂರು ಸೊನ್ನೆಯ (000) ತೀರಾ ಸಣ್ಣ ಕುಂಚ ಎರಡು ತಾ.

ಅಮ್ಮ