ಟ್ರೇನಲ್ಲಿ ಚೆಸ್ ಹೇಳ್ಕೊಟ್ಟ ಅಂಕಲ್‌ಗೆ ಥ್ಯಾಂಕ್ಸ್

ಹೋದ್ ಭಾನುವಾರ ಮೈಸೂರಿಂದ ಬೆಂಗ್ಳೂರಿಗೆ ಬರೋ ಟ್ರೇನಲ್ಲಿ ನನ್ನ ಎದುರಿಗೆ ಕೂತಿದ್ದ ಅಂಕಲ್, ನಿಮ್ ಹೆಸ್ರು ಕೇಳೋದೇ ಮರ್ತ್‌ಬಿಟ್ಟೆ, ಆದ್ರೆ ನೀವು ಬ್ಯಾಗಿಂದ ತೆಗೆದ ಆ ಪುಟ್ಟ ಮ್ಯಾಗ್ನೆಟ್ ಬೋರ್ಡ್ ಇನ್ನೂ ಕಣ್ಮುಂದೆ ಇದೆ. ನಂಗೆ ಗೊತ್ತಿದ್ದಿದ್ದು ತಾತ ಆಡ್ತಿದ್ದ ಆಟ, ಸೈನಿಕ ಶುರುವಲ್ಲೂ ಒಂದೇ ಮನೆ ಹೋಗೋದು, ರಾಜ ಒಂದ್ಸಲ ಕುದುರೆ ಥರ ಹಾರ್ಬೋದು ಅಂತ. ನೀವು ನಗದೆ "ಅದು ನಮ್ ಕಡೆ ಹಳೇ ರೂಲ್ಸು ಕಣಮ್ಮ, ತಪ್ಪೇನಲ್ಲ" ಅಂದ್ರಲ್ಲ, ಅಲ್ಲೇ ಅರ್ಧ ಭಯ ಹೋಯ್ತು.

ಆಮೇಲೆ ಕ್ಯಾಸ್ಲಿಂಗು. ರಾಜ ಆನೆ ಕಡೆಗೆ ಎರಡು ಮನೆ ಸರಿತಾನೆ, ಆನೆ ಅವನನ್ನ ದಾಟಿ ಪಕ್ಕಕ್ಕೆ ಬರುತ್ತೆ, ಇಬ್ರೂ ಮುಂಚೆ ಅಲುಗಾಡಿರ್ಬಾರ್ದು, ನಡುವೆ ಯಾವ ಕಾಯೂ ಇರ್ಬಾರ್ದು, ಚೆಕ್ ಬಿದ್ದಿರೋವಾಗ, ಅಂದ್ರೆ ರಾಜನ ಮೇಲೆ ದಾಳಿ ಇರೋವಾಗ, ಮಾಡೋ ಹಾಗೇ ಇಲ್ಲ. ಮೂರ್ ಸಲ ಕೇಳ್ದೆ, ಮೂರ್ ಸಲಾನೂ ಕಾಯಿ ಎತ್ತಿಟ್ಟು ತೋರ್ಸಿದ್ರಿ.

ಮಂತ್ರಿ ಉಳಿಸ್ಕೊಂಡು ಗೆದ್ದೇಬಿಟ್ಟೆ ಅಂತ ಕುಣಿದಾಗ ನಿಮ್ ಒಂಟಿ ರಾಜಂಗೆ ಚೆಕ್ಕೂ ಇಲ್ಲ, ಹೋಗೋಕೆ ಮನೇನೂ ಇಲ್ಲ, ಸ್ಟೇಲ್‌ಮೇಟ್, ಡ್ರಾ ಅಂದ್ರಿ. ಹೊಟ್ಟೆ ಉರೀತು ನಿಜವಾಗ್ಲೂ!

ಆನ್ ಪಸಾಂಟ್ ಅಂತ ಸೈನಿಕ ಸೈನಿಕನ್ನ ಹೊಡೆಯೋ ವಿಶೇಷ ನಡೆ ಹೇಳೋಕೆ ಶುರು ಮಾಡೋಷ್ಟ್ರಲ್ಲಿ ಕೆಂಗೇರಿ ಬಂತು, ಇಳಿದ್ರಿ. ತುಂಬಾ ಥ್ಯಾಂಕ್ಸ್ ಅಂಕಲ್, ಅದೊಂದು ಬಾಕಿ ಇದೆ.