ಭಾನುವಾರದ ಮಾತುಕತೆಗೆ ಮುಂಚೆ

ಗೆಳೆಯರೇ, ಈ ಭಾನುವಾರ ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಆಂಟೋನಿಯೊ ಗ್ರಾಂಶಿ ಬಗ್ಗೆ ಮಾತಾಡೋಣ. 1926ರಲ್ಲಿ ಮುಸೊಲಿನಿ ಸರ್ಕಾರ ಅವರನ್ನು ಬಂಧಿಸಿತು. 1929ರಿಂದ ಜೈಲಿನಲ್ಲೇ, ಕಾಯಿಲೆಯ ನಡುವೆಯೂ, ನೋಟ್‌ಬುಕ್‌ಗಳನ್ನು ತುಂಬಿಸುತ್ತಾ ಹೋದರು.

ಬಂಡವಾಳಶಾಹಿ ಬರೀ ಪೊಲೀಸ್ ಬಲದಿಂದ ನಿಂತಿಲ್ಲ, ಶಾಲೆ, ಪತ್ರಿಕೆ, ಚರ್ಚ್‌ಗಳ ಮೂಲಕ ಜನರ ಒಪ್ಪಿಗೆಯನ್ನೂ ಪಡೆಯುತ್ತದೆ ಎಂದರು. ‘ಲೋಕ ಇರೋದೇ ಹೀಗೆ’ ಎಂದು ನಾವು ಸುಮ್ನೆ ಒಪ್ಪಿಬಿಡುತ್ತೇವಲ್ಲ, ಅದೇ ಇದು. ಆ ಒಪ್ಪಿಗೆಯನ್ನು ಕೆದಕುವುದೇ ಬುದ್ಧಿಜೀವಿಗಳ ಕೆಲಸ. ದೂರ ನಿಂತು ಭಾಷಣ ಮಾಡಿದರೆ ಸಾಲದು. ದುಡಿಯುವವರ ನಡುವಿನಿಂದಲೇ ಅಂಥವರು ಬೆಳೆದು ಬರಬೇಕು. ನನಗೆ ಜಾಸ್ತಿ ಹಿಡಿಸಿದ್ದು ಇದೇ.

‘ನನಗೆ ಸಿದ್ಧಾಂತ ಗೊತ್ತಿಲ್ಲ’ ಎಂದು ಯಾರೂ ಹಿಂದೆ ಸರಿಯಬೇಡಿ. ನೀವು ಕೆಲಸದಲ್ಲಿ ಪ್ರಶ್ನೆ ಮಾಡದೆ ಒಪ್ಪಿಕೊಂಡ ಒಂದು ಸಂಗತಿಯನ್ನು ಬರೆದು ತನ್ನಿ. ಅಲ್ಲಿಂದಲೇ ಶುರು ಮಾಡೋಣ.